ಜೋರು ಲೋಡ್ ಬಿದ್ದರೆ ಗೇಮಿಂಗ್ ಪಿಸಿ ಪೂರ್ತಿ ಆಫ್: ಮದರ್‌ಬೋರ್ಡ್ ಬದಲಿಸುವ ಮುಂಚೆ ಕೇಳುತ್ತಿದ್ದೇನೆ

ವಾಕಡ್ ಹುಬ್ಬಳ್ಳಿಗ:

ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಕೆಲಸ ಹಿಂಜೆವಾಡಿಯಲ್ಲಿ, ಮನೆ ಪುಣೆಯ ವಾಕಡ್‌ನಲ್ಲಿ. ನನ್ನ ಗೇಮಿಂಗ್ ಪಿಸಿ ಆಟದ ಮಧ್ಯೆ ಪೂರ್ತಿ ಆಫ್ ಆಗುತ್ತಿದೆ. ಹ್ಯಾಂಗ್ ಆಗುವುದಿಲ್ಲ, ನೀಲಿ ಸ್ಕ್ರೀನ್ ಬರುವುದಿಲ್ಲ. ಚೆನ್ನಾಗಿ ಓಡುತ್ತಿರುತ್ತದೆ, ಒಮ್ಮೆಲೇ ಟಕ್ ಅಂತ ಸದ್ದು, ಅಷ್ಟೇ. ಫ್ಯಾನು, ಲೈಟು ಎಲ್ಲ ಬಂದ್. ಕ್ಯಾಬಿನೆಟ್ಟಿನ ಬಟನ್ ಎಷ್ಟು ಒತ್ತಿದರೂ ಜೀವ ಬರುವುದಿಲ್ಲ. ಹಿಂದುಗಡೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಶುರುವಾಗುತ್ತದೆ.

ರೈಜೆನ್ 5 5600ಎಕ್ಸ್, ಬಿ550 ಬೋರ್ಡು, 32 ಜಿಬಿ ರ್‍ಯಾಮ್, 650 ವ್ಯಾಟ್ ಗೋಲ್ಡ್ ಎಸ್‌ಎಂಪಿಎಸ್. ಮೊದಲು ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಇತ್ತು, ಆಗ ಯಾವ ತೊಂದರೆಯೂ ಇರಲಿಲ್ಲ. ಆಫೀಸಿನವರೊಬ್ಬರು ತಮ್ಮ ಆರ್‌ಟಿಎಕ್ಸ್ 3080 ಮಾರಿದರು, ಅದನ್ನು ತಗೊಂಡು ಹಾಕಿದೆ. ಆಮೇಲೆ ಶುರುವಾಯಿತು ಈ ಕಾಟ. ಅವರ ಪಿಸಿಯಲ್ಲಿ ಕಾರ್ಡ್ ಸರಿಯಾಗಿಯೇ ಇತ್ತು, ನಾನೇ ಹೋಗಿ ಆಡಿ ನೋಡಿ ತಂದಿದ್ದು.

ಹತ್ತಿರದ ಅಂಗಡಿಗೆ ಪಿಸಿ ಹೊತ್ತುಕೊಂಡು ಹೋದೆ. ಅವರು ಕಾರ್ಡಿಗೆ ಭಾರ ಹೊರಿಸಿ ನೋಡುವ ಫರ್‌ಮಾರ್ಕ್ ಪ್ರೋಗ್ರಾಂ ಹಾಕಿ ಅರ್ಧ ಗಂಟೆ ಓಡಿಸಿದರು. ಆಫ್ ಆಗಲಿಲ್ಲ. ಕಾರ್ಡೂ ಸರಿ, ಎಸ್‌ಎಂಪಿಎಸ್ಸೂ ಸರಿ, ಹಾಗಾದರೆ ಮದರ್‌ಬೋರ್ಡೇ ಹೋಗಿದೆ, ಬದಲಿಸಿ ಅಂದರು. ಮನೆಗೆ ತಂದು ಆಟ ಶುರು ಮಾಡಿದರೆ ಹತ್ತು ನಿಮಿಷದೊಳಗೆ ಮತ್ತೆ ಟಕ್. ಬೋರ್ಡಿಗೆ ದುಡ್ಡು ಸುರಿಯುವ ಮುಂಚೆ ತಿಳಿದವರನ್ನು ಕೇಳೋಣ ಅನ್ನಿಸಿತು.

ಠಾಣೆ ಗೇಮರ್:

ಹೀಟ್ ಇರಬೇಕು ಗುರು. ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಪೇಸ್ಟ್ ಬದಲಿಸಿ, ಒಳಗಿನ ಧೂಳು ಹೊಡೆಸಿ. ನನ್ನದು ಅದರಲ್ಲೇ ಸರಿಹೋಯಿತು.

ಕೊಥ್ರುಡ್ ಅಕ್ಕ:

ವಾಕಡ್ ತಮ್ಮ, ಬೋರ್ಡ್ ಬದಲಿಸಬೇಡಿ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಾನು ಪವರ್ ಎಲೆಕ್ಟ್ರಾನಿಕ್ಸ್ ಟೆಸ್ಟಿಂಗ್ ಕೆಲಸ ಮಾಡುವವಳು, ಆಫ್ ಆಗುವ ಯಂತ್ರಗಳನ್ನು ನೋಡುವುದೇ ದಿನದ ಪಾಡು. ಪಿಸಿ ಯಾವ ರೀತಿ ಆಫ್ ಆಗುತ್ತದೆ ಅನ್ನುವುದರಲ್ಲೇ ಮುಕ್ಕಾಲು ಉತ್ತರ ಇರುತ್ತದೆ. ಜನ ಅದನ್ನು ಗಮನಿಸದೆ ಪಾರ್ಟ್ ಬದಲಿಸುತ್ತಾ ಹೋಗುತ್ತಾರೆ. ನೀವು ಮಾತ್ರ ಚೆನ್ನಾಗಿ ಬರೆದಿದ್ದೀರಿ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಬಿಸಿಯಿಂದ ಆಫ್ ಆಗುವುದು ಹೀಗಿರುವುದಿಲ್ಲ. ಈಗಿನ ಪ್ರೊಸೆಸರ್ ಬಿಸಿಯಾದರೆ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ನಿಮ್ಮ 5600ಎಕ್ಸ್‌ಗೆ ಮಿತಿ 95 ಡಿಗ್ರಿ. ಅಲ್ಲಿಗೆ ಬರುವಷ್ಟರಲ್ಲಿ ಆಟ ಎಳೆಯಲು ಶುರುವಾಗಿರುತ್ತದೆ, ಫ್ಯಾನ್ ಅರಚುತ್ತಿರುತ್ತದೆ. ವೇಗ ತಗ್ಗಿಸಿಯೂ ಆಗದಿದ್ದರೆ ಕೊನೆಗೆ ಆಫ್. ಕೂಲರ್ ಸಡಿಲವಾಗಿದ್ದಾಗ, ವಾಟರ್ ಕೂಲರಿನ ಪಂಪ್ ನಿಂತಾಗ ಹೀಗಾಗುವುದುಂಟು. ಗ್ರಾಫಿಕ್ಸ್ ಕಾರ್ಡ್ ಬಿಸಿಯಾದರೂ ಅಷ್ಟೇ, ಮೊದಲು ಫ್ರೇಮ್ ಇಳಿಯುತ್ತವೆ.

ನಿಮ್ಮದು ಮುನ್ಸೂಚನೆ ಇಲ್ಲದೆ ಟಕ್ ಅಂತ ಹೋಗುತ್ತದೆ, ಬಟನ್ ಒತ್ತಿದರೂ ಬರುವುದಿಲ್ಲ, ಹಿಂದಿನ ಸ್ವಿಚ್ ಆಫ್-ಆನ್ ಮಾಡಿದರೆ ಬರುತ್ತದೆ. ಇದು ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಬಾಗಿಲು ಹಾಕಿಕೊಳ್ಳುವ ರೀತಿ. ಔಟ್‌ಪುಟ್ಟಿನಲ್ಲಿ ಕರೆಂಟ್ ಮಿತಿ ಮೀರಿದರೆ, ವೋಲ್ಟೇಜ್ ತೀರಾ ಇಳಿದರೆ, ಎಲ್ಲೋ ಶಾರ್ಟ್ ಆದರೆ, ಒಳಗಿನ ಸರ್ಕ್ಯೂಟ್ ಎಲ್ಲವನ್ನೂ ಬಂದ್ ಮಾಡಿ ಲಾಕ್ ಆಗುತ್ತದೆ. ಕೆಲವು ಎಸ್‌ಎಂಪಿಎಸ್ ಬಟನ್ ಒತ್ತಿದರೆ ಲಾಕ್ ಬಿಡುತ್ತವೆ, ಕೆಲವು ಹಿಂದಿನ ಸ್ವಿಚ್ ಆಫ್ ಮಾಡಿದ ಮೇಲೇ ಬಿಡುತ್ತವೆ. ಆದ್ದರಿಂದ ಬಟನ್ ಒತ್ತಿದ ಕೂಡಲೇ ಬಂತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ತಪ್ಪಿಲ್ಲ ಅನ್ನಲಾಗದು. ಬರಲಿಲ್ಲ ಅಂದರೆ ಮಾತ್ರ ಅನುಮಾನ ಅದರ ಮೇಲೇ ಜಾಸ್ತಿ.

ಇಷ್ಟು ನೋಡಿ ಹೇಳಿ. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ತೆಗೆದು, ಸಿಸ್ಟಮ್ ಲಾಗ್‌ನಲ್ಲಿ ಆಫ್ ಆದ ಹೊತ್ತಿನ ಸುತ್ತಮುತ್ತ ಏನಿದೆ ನೋಡಿ. ಕರ್ನಲ್-ಪವರ್ 41 ಅಂತ ಒಂದು ಇದ್ದೇ ಇರುತ್ತದೆ. ಅದನ್ನು ನೋಡಿ ಗಾಬರಿ ಬೇಡ, ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತ ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದುಕೊಳ್ಳುವ ಟಿಪ್ಪಣಿ ಅದು. ಕಾರಣ ಅದರಲ್ಲಿ ಇರುವುದಿಲ್ಲ. ಆದರೆ ಅದರ ಡೀಟೇಲ್ಸ್ ಒಳಗೆ ಬಗ್‌ಚೆಕ್‌ಕೋಡ್ ಅಂತ ಒಂದು ಸಾಲು ಇದೆ, ಅಲ್ಲಿ ಸೊನ್ನೆ ಇದೆಯೋ ಬೇರೆ ಅಂಕಿ ಇದೆಯೋ ನೋಡಿ. ನೀಲಿ ಸ್ಕ್ರೀನ್ ಬಂದಿದ್ದರೆ ಅದರ ಅಂಕಿ ಅಲ್ಲಿರುತ್ತದೆ, ಇಲ್ಲದಿದ್ದರೆ ಸೊನ್ನೆ. ಜೊತೆಗೆ ಡಬ್ಲ್ಯುಎಚ್‌ಇಎ-ಲಾಗರ್ (ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಅನ್ನುವ ಹೆಸರಲ್ಲಿ ಏನಾದರೂ ಇದೆಯೇ? ಇನ್ನೊಂದು, ಪಿಸಿಯ ಸೆನ್ಸರ್ ಅಂಕಿಗಳನ್ನು ಓದುವ ಹೆಚ್‌ಡಬ್ಲ್ಯುಇನ್ಫೋ ಪ್ರೋಗ್ರಾಂ ಹಾಕಿ, ಫೈಲಿಗೆ ಲಾಗ್ ಬರೆಯುವ ಹಾಗೆ ಮಾಡಿ ಆಟ ಆಡಿ. ಆಫ್ ಆದ ಮೇಲೆ ಫೈಲಿನ ಕೊನೆಯ ಸಾಲುಗಳಲ್ಲಿ ಪ್ರೊಸೆಸರ್ ಎಷ್ಟು ಡಿಗ್ರಿ, ಕಾರ್ಡ್ ಎಷ್ಟು ಡಿಗ್ರಿ, ಹಾಟ್‌ಸ್ಪಾಟ್ (ಕಾರ್ಡಿನ ಚಿಪ್ಪಿನಲ್ಲಿ ಅತಿ ಬಿಸಿಯ ಜಾಗ) ಎಷ್ಟು, 12 ವೋಲ್ಟ್ ಎಷ್ಟಿತ್ತು ಅಂತ ಬರೆಯಿರಿ.

ಮಾಟುಂಗಾ ಮಾವ:

ಅಕ್ಕ ಹೇಳಿದ್ದು ಸರಿ. ನನ್ನದೂ ಒಂದು ಪ್ರಶ್ನೆ. ಪಿಸಿ ಗೋಡೆಯ ಪ್ಲಗ್ಗಿಗೇ ನೇರವಾಗಿ ಹಾಕಿದ್ದೀರಾ, ಇಲ್ಲ ನಡುವೆ ಯುಪಿಎಸ್, ಸ್ಪೈಕ್ ಬಸ್ಟರ್ ಏನಾದರೂ ಇದೆಯಾ? ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಒಳಗಲ್ಲಿಗಳಲ್ಲಿ ನಾನು ವರ್ಷಗಟ್ಟಲೆ ರಿಪೇರಿ ಕೆಲಸ ಮಾಡಿದವನು. ಆಟ ಆಡುವಾಗ ಆಫ್ ಆಗುತ್ತದೆ ಅಂತ ಬರುತ್ತಿದ್ದ ಪಿಸಿಗಳನ್ನು ನಮ್ಮ ಟೇಬಲ್ ಮೇಲೆ ನೇರ ಪ್ಲಗ್ಗಿಗೆ ಹಾಕಿದರೆ ಎಷ್ಟೋ ಸಲ ಆಫೇ ಆಗುತ್ತಿರಲಿಲ್ಲ. ಮನೆಯಲ್ಲಿ ನಡುವೆ ಸಣ್ಣ ಯುಪಿಎಸ್ ಕೂತಿರುತ್ತಿತ್ತು. ಗಿರಾಕಿ ಅದನ್ನು ಹೇಳುತ್ತಲೇ ಇರಲಿಲ್ಲ, ನಾವೂ ಕೇಳುವುದನ್ನು ಮರೆತರೆ ಮುಗಿಯಿತು.

ವಾಕಡ್ ಹುಬ್ಬಳ್ಳಿಗ:

ಮಾವ, ಯುಪಿಎಸ್ ಇಲ್ಲ, ಸ್ಪೈಕ್ ಬಸ್ಟರ್ ಇದೆ. ಮಾನಿಟರ್ ಸಹ ಅದೇ ಸ್ಪೈಕ್ ಬಸ್ಟರಿಗೇ ಹಾಕಿದೆ, ಅದು ಆಫ್ ಆಗುವುದಿಲ್ಲ. ನೋ ಸಿಗ್ನಲ್ ಅಂತ ತೋರಿಸುತ್ತಾ ಇರುತ್ತದೆ. ಸ್ಪೈಕ್ ಬಸ್ಟರ್ ತೆಗೆದು ನೇರ 16 ಆಂಪಿಯರ್ ಪ್ಲಗ್ಗಿಗೂ ಹಾಕಿ ನೋಡಿದೆ, ಅದೇ ಕಥೆ.

ಅಕ್ಕ, 41 ಇದೆ, ಬಗ್‌ಚೆಕ್‌ಕೋಡ್ ಸೊನ್ನೆ. ಡಬ್ಲ್ಯುಎಚ್‌ಇಎ ಏನೂ ಇಲ್ಲ. ಲಾಗ್ ಫೈಲಿನ ಕೊನೆಯ ಸಾಲು: ಪ್ರೊಸೆಸರ್ 68 ಡಿಗ್ರಿ, ಕಾರ್ಡ್ 71, ಹಾಟ್‌ಸ್ಪಾಟ್ 84. 12 ವೋಲ್ಟ್ ಜಾಗದಲ್ಲಿ 11.9 ಇದೆ. ಕಾರ್ಡ್ ಎಳೆಯುತ್ತಿದ್ದದ್ದು 312 ವ್ಯಾಟ್. ಇದರಲ್ಲಿ ತಪ್ಪೇನೂ ಕಾಣುತ್ತಿಲ್ಲ ಅಲ್ವಾ? ಪ್ರೊಸೆಸರ್, ಬೋರ್ಡ್, ಫ್ಯಾನ್ ಎಲ್ಲ ಸೇರಿಸಿದರೂ 450 ದಾಟಲ್ಲ. 650 ಇದೆ. ಫರ್‌ಮಾರ್ಕ್ ಬೇರೆ ಅರ್ಧ ಗಂಟೆ ಓಡಿತ್ತು. ಲೆಕ್ಕವೇ ಕೂಡುತ್ತಿಲ್ಲ.

ಕೊಥ್ರುಡ್ ಅಕ್ಕ:

ನೀವು ಕೂಡಿಸಿದ್ದು ಸರಾಸರಿ. ಎಸ್‌ಎಂಪಿಎಸ್ ಟ್ರಿಪ್ ಆಗುವುದು ಸರಾಸರಿಗಲ್ಲ, ಕ್ಷಣಕ್ಕೆ.

ಆರ್‌ಟಿಎಕ್ಸ್ 3080 ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಕಾಗದದ ಮೇಲೆ ಅದು 320 ವ್ಯಾಟ್ ಕಾರ್ಡ್. ಆದರೆ ಆಟದ ದೃಶ್ಯ ಒಮ್ಮೆಲೇ ಬದಲಾದಾಗ, ಕಾರ್ಡಿನ ವೇಗ ಮೇಲೆ ಹಾರಿದಾಗ, ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಅದರ ಎಳೆತ ಹೆಚ್ಚುಕಡಿಮೆ ದುಪ್ಪಟ್ಟಾಗಬಹುದು. ದಾದರ್ ಸ್ಟೇಷನ್ನಿನಲ್ಲಿ ಇಡೀ ದಿನಕ್ಕೆ ಎಷ್ಟು ಜನ ಹತ್ತಿದರು ಅನ್ನುವ ಲೆಕ್ಕ ಬೇರೆ, ಲೋಕಲ್ ನಿಂತ ಆ ಗಳಿಗೆಯಲ್ಲಿ ಒಂದು ಬಾಗಿಲಿಗೆ ಎಷ್ಟು ಜನ ಮುಗಿಬಿದ್ದರು ಅನ್ನುವುದು ಬೇರೆ. ಬಾಗಿಲಿನವನಿಗೆ ತಾಗುವುದು ಎರಡನೆಯದು.

ಹೆಚ್‌ಡಬ್ಲ್ಯುಇನ್ಫೋ ಸಾಮಾನ್ಯವಾಗಿ ಎರಡು ಸೆಕೆಂಡಿಗೊಮ್ಮೆ ಓದುತ್ತದೆ. ಅಷ್ಟು ಚಿಕ್ಕ ಹೊಡೆತ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ 312 ವ್ಯಾಟ್, 11.9 ವೋಲ್ಟ್ ಅನ್ನುವ ಅಂಕಿಗಳು ಸುಳ್ಳಲ್ಲ, ಆದರೆ ಟ್ರಿಪ್ ಆದ ಕ್ಷಣದ ಅಂಕಿಗಳಂತೂ ಅಲ್ಲ. 11.9 ನೋಡಿ ಭಯ ಬೇಡ. ಪಿಸಿ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ನಿಯಮದಲ್ಲಿ 12 ವೋಲ್ಟಿಗೆ ಶೇಕಡ 5ರಷ್ಟು ಹೆಚ್ಚುಕಡಿಮೆ ಇರಬಹುದು, ಅಂದರೆ 11.4ರಿಂದ 12.6. ಅದೂ ಬೋರ್ಡಿನ ಸೆನ್ಸರ್ ಹೇಳುವ ಮಾತು, ಪೂರ್ತಿ ನಂಬುವ ಹಾಗಿಲ್ಲ.

ಫರ್‌ಮಾರ್ಕ್ ಯಾಕೆ ಪಾಸ್ ಆಯಿತು ಅಂದರೆ, ಅದು ಒಂದೇ ಸಮನೆ ಭಾರ ಹೊರಿಸುತ್ತದೆ. ಕಾರ್ಡ್ ತನ್ನ ಮಿತಿಗೆ ಹೋಗಿ ಅಲ್ಲೇ ಕೂರುತ್ತದೆ, ಏರಿಳಿತ ಕಡಿಮೆ. ಆಟದಲ್ಲಿ ಹಾಗಲ್ಲ. ಲೋಡಿಂಗ್ ಸ್ಕ್ರೀನಿನಲ್ಲಿ ಬಿಡುವು, ಮರುಕ್ಷಣ ಸ್ಫೋಟದ ದೃಶ್ಯ, ಮತ್ತೆ ಬಿಡುವು. ಫರ್‌ಮಾರ್ಕ್ ಗಂಟೆಗಟ್ಟಲೆ ಓಡಿ, ಆಟ ಐದು ನಿಮಿಷಕ್ಕೆ ಆಫ್ ಆಗುವುದು ಇದೇ ಕಾರಣಕ್ಕೆ. ಓಸಿಸಿಟಿ ಅನ್ನುವ ಇನ್ನೊಂದು ಪ್ರೋಗ್ರಾಮಿನ 3ಡಿ ಪರೀಕ್ಷೆಯಲ್ಲಿ ಲೋಡ್ ಏರಿಸಿ ಇಳಿಸುವ ಮೋಡ್ ಇದೆ, ಇಂಥ ತೊಂದರೆ ಹಿಡಿಯಲು ಅದು ಮೇಲು. ಅಂಗಡಿಯವರಿಗೆ ಇಷ್ಟೊಂದು ಮಾಡಲು ಪುರುಸೊತ್ತು ಇರುವುದಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ.

ಈಗ ದುಡ್ಡಿಲ್ಲದೆ ಮಾಡುವ ಪರೀಕ್ಷೆ. ಕಾರ್ಡಿನ ಸೆಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಪ್ರೋಗ್ರಾಮಿನಲ್ಲಿ ಪವರ್ ಲಿಮಿಟ್ 100ರಿಂದ 70ಕ್ಕೆ ಇಳಿಸಿ. ಆಟದ ಸೆಟಿಂಗ್‌ನಲ್ಲಿ ಫ್ರೇಮ್ ಸೆಕೆಂಡಿಗೆ 60 ದಾಟದ ಹಾಗೆ ಕಟ್ಟಿ. ಇಷ್ಟು ಮಾಡಿ ಅದೇ ಆಟ, ಅದೇ ಜಾಗ ಆಡಿ. ಆಫ್ ಆಗದಿದ್ದರೆ ಬೋರ್ಡಿನ ಮೇಲಿನ ಅನುಮಾನ ಬಹುಪಾಲು ಬಿಟ್ಟುಬಿಡಿ. ಬೋರ್ಡ್ ಕೆಟ್ಟಿದ್ದರೆ ಕಾರ್ಡಿನ ಎಳೆತ ತಗ್ಗಿಸಿದ್ದಕ್ಕೆ ಅದು ಗುಣವಾಗುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಎಸ್‌ಎಂಪಿಎಸ್‌ನಿಂದ ಕಾರ್ಡಿಗೆ ಹೋಗುವ ಕೇಬಲ್ ಫೋಟೋ ಹಾಕುತ್ತೀರಾ? ಕಾರ್ಡಿನಲ್ಲಿ 8 ಪಿನ್ನಿನ ಎರಡು ಸಾಕೆಟ್ ಇರಬೇಕು. ಎರಡಕ್ಕೂ ಬೇರೆ ಬೇರೆ ಕೇಬಲ್ ಬಂದಿದೆಯೋ, ಒಂದೇ ಕೇಬಲ್ಲಿನ ಕೊನೆಯಲ್ಲಿ ಎರಡು ತಲೆ ಇದೆಯೋ?

ವಾಕಡ್ ಹುಬ್ಬಳ್ಳಿಗ:

ಫೋಟೋ ಹಾಕಿದ್ದೇನೆ. ಒಂದೇ ಕೇಬಲ್, ಎರಡು ತಲೆ. 1660 ಸೂಪರ್‌ಗೆ ಒಂದೇ ಸಾಕೆಟ್ ಇತ್ತು, ಇನ್ನೊಂದು ತಲೆ ಸುಮ್ನೆ ನೇತಾಡುತ್ತಿತ್ತು. ಈಗ ಅದನ್ನೇ ಎರಡನೆಯದಕ್ಕೆ ಸಿಕ್ಕಿಸಿದೆ. ಎಸ್‌ಎಂಪಿಎಸ್ ಡಬ್ಬದಲ್ಲಿ ಅಂಥದ್ದೇ ಇನ್ನೊಂದು ಕೇಬಲ್ ಪ್ಯಾಕ್ ಬಿಚ್ಚದೆ ಇದೆ.

ಮಾಟುಂಗಾ ಮಾವ:

ಆ ಇನ್ನೊಂದು ಕೇಬಲ್ ಇವತ್ತೇ ಹಾಕಿ ತಮ್ಮ. ಕಾರ್ಡಿನ ಒಂದೊಂದು 8 ಪಿನ್ ಸಾಕೆಟ್ಟಿಗೆ 150 ವ್ಯಾಟ್ ಲೆಕ್ಕ, ಬೋರ್ಡಿನ ಸ್ಲಾಟ್‌ನಿಂದ 75. ನಿಮ್ಮದರಲ್ಲಿ ಎರಡೂ ಸಾಕೆಟ್ಟಿನ ಭಾರ ಒಂದೇ ಕೇಬಲ್ ಮೇಲೆ, ಎಸ್‌ಎಂಪಿಎಸ್ ಕಡೆಯ ಒಂದೇ ಕನೆಕ್ಟರ್ ಮೇಲೆ. ಕೇಬಲ್ಲಿನಲ್ಲೇ ವೋಲ್ಟೇಜ್ ಇಳಿಯುತ್ತದೆ, ಪಿನ್ ಬಿಸಿಯಾಗುತ್ತದೆ. ಪ್ಲಗ್ ಕಿತ್ತು ಹಾಕುವಾಗ ಕನೆಕ್ಟರಿನ ಬಾಯಿ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಒಳಗಿನ ತಗಡು ಬೆಳ್ಳಗೆ ಹೊಳೆಯುತ್ತಿದ್ದರೆ ಸರಿ. ಒಂದೆರಡು ಪಿನ್ ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಥವಾ ಪ್ಲಾಸ್ಟಿಕ್ ಹಳದಿಯಾಗಿ ಅಂಚು ಮೆತ್ತಗಾಗಿದ್ದರೆ ಆ ಕೇಬಲ್ ಎಸೆಯಬೇಕು. ವಾಪಸ್ ಹಾಕುವಾಗ ಕೊಂಡಿ ಕ್ಲಿಕ್ ಅನ್ನುವ ತನಕ ಒತ್ತಿ. ಅರ್ಧ ಕೂತ ಪ್ಲಗ್ ಬೆಂಕಿಗೆ ದಾರಿ.

ಎಸ್‌ಎಂಪಿಎಸ್ ಮೈಮೇಲಿನ ಚೀಟಿಯೂ ಓದಿ. ದೊಡ್ಡ ಅಕ್ಷರದ ವ್ಯಾಟ್ ಬಿಡಿ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ.

ವಾಕಡ್ ಹುಬ್ಬಳ್ಳಿಗ:

ಚೀಟಿಯಲ್ಲಿ 12 ವೋಲ್ಟ್, 54 ಆಂಪಿಯರ್ ಅಂತ ಇದೆ.

ಮಾಟುಂಗಾ ಮಾವ:

12ಕ್ಕೆ 54, ಅಂದರೆ 648 ವ್ಯಾಟ್. ಮಾಲು ಒಳ್ಳೆಯದೇ. 500 ವ್ಯಾಟ್ ಅಂತ ದೊಡ್ಡದಾಗಿ ಬರೆದು 12 ವೋಲ್ಟ್‌ಗೆ ಬರೀ 20 ಆಂಪಿಯರ್ ಇರುವ ಡಬ್ಬಗಳೂ ಬಜಾರಿನಲ್ಲಿ ಸಿಗುತ್ತವೆ. ಅಲ್ಲಿ ನಿಜವಾಗಿ ಸಿಗುವುದು 240 ವ್ಯಾಟ್. ಪ್ರೊಸೆಸರೂ ಕಾರ್ಡೂ ಕುಡಿಯುವುದು 12 ವೋಲ್ಟನ್ನೇ, ಉಳಿದ ಸಾಲುಗಳು ಲೆಕ್ಕಕ್ಕಿಲ್ಲ.

ಡೊಂಬಿವಲಿ ಕುಂದಾಪುರ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದೂ ಆಟ ಆಡುವಾಗ ಆಫ್ ಆಗುತ್ತದೆ. ಆದರೆ ಮಾನಿಟರೂ ಒಟ್ಟಿಗೇ ಹೋಗುತ್ತದೆ, ಹೋಗುವ ಮುಂಚೆ ಕುಂಯ್ ಅಂತ ಒಂದೇ ಸಮ ಶಬ್ದ. 600 ವಿಎ ಯುಪಿಎಸ್ ಇದೆ.

ಮಾಟುಂಗಾ ಮಾವ:

ಕೂಗುತ್ತಿರುವುದು ಯುಪಿಎಸ್ಸೇ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ, ಹಿಂದುಗಡೆ ಬರೆದಿರುತ್ತಾರೆ. ಪಿಸಿ ಮಾನಿಟರ್ ಸೇರಿ ಅದನ್ನು ದಾಟಿದರೆ, ಕರೆಂಟ್ ಇದ್ದರೂ ಓವರ್‌ಲೋಡ್ ಅಂತ ಕೂಗಿ ಬಂದ್ ಆಗುತ್ತದೆ. ಪಿಸಿ ನೇರ ಪ್ಲಗ್ಗಿಗೆ ಹಾಕಿ ಆಡಿ ನೋಡಿ. ಸರಿಹೋದರೆ ದೊಡ್ಡ ಯುಪಿಎಸ್ ನೋಡಿಕೊಳ್ಳಿ, ವಿಎ ನೋಡಬೇಡಿ, ವ್ಯಾಟ್ ನೋಡಿ.

ಡೊಂಬಿವಲಿ ಕುಂದಾಪುರ:

ನೇರ ಹಾಕಿದೆ ಮಾವ, ರಾತ್ರಿಯಿಡೀ ಆಡಿದರೂ ಏನೂ ಆಗಲಿಲ್ಲ. ದೊಡ್ಡ ಉಪಕಾರ.

ವಾಕಡ್ ಹುಬ್ಬಳ್ಳಿಗ:

ಮೊದಲು ಪವರ್ ಲಿಮಿಟ್ 70, ಫ್ರೇಮ್ 60 ಮಾಡಿ ಆಡಿದೆ. ಶನಿವಾರ ಮಧ್ಯಾಹ್ನದಿಂದ ಸಂಜೆವರೆಗೂ ಒಂದು ಸಲವೂ ಆಫ್ ಆಗಲಿಲ್ಲ. ಆಮೇಲೆ ಲಿಮಿಟ್ ವಾಪಸ್ 100 ಮಾಡಿ ಎರಡು ಕೇಬಲ್ ಬೇರೆ ಬೇರೆ ಹಾಕಿದೆ. ಮೊದಲು ಆಫ್ ಆಗುತ್ತಿದ್ದ ಜಾಗದಲ್ಲಿ ಈಗ ಆಗುತ್ತಿಲ್ಲ! ಸರಿಹೋಯಿತು ಅಂದುಕೊಂಡೆ. ಆದರೆ ಇನ್ನೊಂದು ಆಟದ ಮೆನುವಿನಲ್ಲಿ, ಬರೀ ಮೆನುವಿನಲ್ಲಿ, ಟಕ್. ಆಟ ಶುರುವಾಗಿಯೇ ಇರಲಿಲ್ಲ. ಹಳೆ ಕೇಬಲ್ ಪಿನ್‌ಗಳು ಬೆಳ್ಳಗೇ ಇವೆ, ಸುಟ್ಟ ಗುರುತಿಲ್ಲ.

ಕೊಥ್ರುಡ್ ಅಕ್ಕ:

ಮೆನುವಿನಲ್ಲಿ ಆಗುವುದು ವಿಚಿತ್ರವಲ್ಲ. ಚಿತ್ರ ಸರಳವಾಗಿರುವುದರಿಂದ ಕಾರ್ಡ್ ಸೆಕೆಂಡಿಗೆ ನೂರಾರು ಫ್ರೇಮ್ ಎರಚುತ್ತದೆ, ಕಟ್ಟು ಇಲ್ಲದಿದ್ದರೆ ಸಾವಿರವನ್ನೂ ದಾಟಬಹುದು. ಅಲ್ಲಿಂದ ಆಟಕ್ಕೆ ಜಿಗಿಯುವಾಗ ಎಳೆತದಲ್ಲಿ ದೊಡ್ಡ ಏರಿಳಿತ. ಮಾನಿಟರ್ 144 ಹರ್ಟ್ಸ್ ಆದರೆ ಫ್ರೇಮ್ 140ಕ್ಕೆ ಕಟ್ಟಿಡಿ. ತೊಂದರೆ ಇರಲಿ ಬಿಡಲಿ, ಇದು ಯಾವಾಗಲೂ ಇರಬೇಕಾದ ಸೆಟಿಂಗ್. ಕಣ್ಣಿಗೆ ಕಾಣದ ಫ್ರೇಮಿಗೆ ಕರೆಂಟ್ ಬಿಲ್ ಯಾಕೆ ಕಟ್ಟಬೇಕು?

ಕೇಬಲ್ ಬದಲಿಸಿದ್ದು ಸಹಾಯ ಮಾಡಿದೆ, ಪೂರ್ತಿ ಸಾಲದು. ನಿಮ್ಮ ಎಸ್‌ಎಂಪಿಎಸ್ ಎಷ್ಟು ಹಳೆಯದು?

ವಾಕಡ್ ಹುಬ್ಬಳ್ಳಿಗ:

2019ರದ್ದು. ಬೆಂಗಳೂರಿನಲ್ಲಿದ್ದಾಗ ಹಾಕಿಸಿದ್ದು.

ಚೆಂಬೂರ್ ಪಿಸಿ ಪ್ರೇಮಿ:

ಗೋಲ್ಡ್ ಇದ್ದ ಮೇಲೆ ಎಸ್‌ಎಂಪಿಎಸ್ ತೊಂದರೆ ಕೊಡುವುದಿಲ್ಲ. ಕಾರ್ಡ್ ಡ್ರೈವರ್ ತೆಗೆದು ಹೊಸದಾಗಿ ಹಾಕಿ ಸಾಕು. ಬದಲಿಸಲೇಬೇಕು ಅಂದರೆ ಒಂದೇ ಸಲ 1200 ವ್ಯಾಟ್ ತಗೊಳ್ಳಿ, ತಲೆನೋವೇ ಇರುವುದಿಲ್ಲ.

ಕೊಥ್ರುಡ್ ಅಕ್ಕ:

ಡ್ರೈವರ್ ತಪ್ಪಿದ್ದರೆ ಸ್ಕ್ರೀನ್ ಕಪ್ಪಾಗಬಹುದು, ಆಟ ಮುಚ್ಚಿಕೊಳ್ಳಬಹುದು, ನೀಲಿ ಸ್ಕ್ರೀನ್ ಬರಬಹುದು. ಆದರೆ ಆಗಲೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಇವರ ಪಿಸಿಯಲ್ಲಿ ಪವರ್ರೇ ಹೋಗುತ್ತಿದೆ, ಹಿಂದಿನ ಸ್ವಿಚ್ ಮುಟ್ಟುವ ತನಕ ಬರುತ್ತಿಲ್ಲ. ಡ್ರೈವರ್ ಆ ಕೆಲಸ ಮಾಡುವುದಿಲ್ಲ.

ಗೋಲ್ಡ್ ಬಗ್ಗೆ ಸ್ವಲ್ಪ ಹೇಳಬೇಕು, ಇದರಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. 80 ಪ್ಲಸ್ ಗೋಲ್ಡ್ ಅನ್ನುವುದು ದಕ್ಷತೆಯ ಮುದ್ರೆ. ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಪಿಸಿಗೆ ಮುಟ್ಟುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಅನ್ನುವುದಷ್ಟೇ ಅದರ ಲೆಕ್ಕ. ಕ್ಷಣದ ಹೊಡೆತ ತಡೆಯುತ್ತದೋ ಇಲ್ಲವೋ, ರಕ್ಷಣೆಯ ಮಿತಿಯನ್ನು ಎಲ್ಲಿ ಇಟ್ಟಿದ್ದಾರೆ, ಇದ್ಯಾವುದನ್ನೂ ಆ ಮುದ್ರೆ ಹೇಳುವುದಿಲ್ಲ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲೇ ಕೆಲವೊಮ್ಮೆ ಈ ಮಿತಿ ಬಿಗಿಯಾಗಿರುತ್ತದೆ, ಅವು ಬೇಗ ಟ್ರಿಪ್ ಆಗುತ್ತವೆ. ಟ್ರಿಪ್ ಆಗಿದ್ದು ಅದರ ಕೆಟ್ಟತನವಲ್ಲ, ಅದು ತನ್ನ ಕೆಲಸ ಮಾಡಿದೆ. ರಕ್ಷಣೆಯೇ ಇಲ್ಲದ ಅಗ್ಗದ ಡಬ್ಬ ಇದ್ದಿದ್ದರೆ ಟಕ್ ಅನ್ನುವ ಬದಲು ಹೊಗೆ ಬರುತ್ತಿತ್ತು.

2019ರ ಎಸ್‌ಎಂಪಿಎಸ್ ಮಾಡುವ ಕಾಲಕ್ಕೆ ಈ 3080 ಬಂದೇ ಇರಲಿಲ್ಲ. ಈ ತೊಂದರೆ ಎದ್ದು ಕಂಡ ಮೇಲೆ 2022ರ ಫೆಬ್ರವರಿಯಲ್ಲಿ ಇಂಟೆಲ್ ಎಟಿಎಕ್ಸ್ 3.0 ನಿಯಮ ತಂದಿತು. ಹೊಸ 16 ಪಿನ್ ಕನೆಕ್ಟರ್ ಇರುವ ಎಸ್‌ಎಂಪಿಎಸ್ ತನ್ನ ಗುರುತಿನ ವ್ಯಾಟ್‌ನ ದುಪ್ಪಟ್ಟನ್ನು 100 ಮೈಕ್ರೋಸೆಕೆಂಡ್ ಹೊತ್ತು ಟ್ರಿಪ್ ಆಗದೆ ತಡೆಯಬೇಕು ಅಂತ ಅದರಲ್ಲಿದೆ. ನಿಮ್ಮ ಹಳೆಯದಕ್ಕೆ ಆ ಕಟ್ಟುಪಾಡು ಇರಲಿಲ್ಲ. ಮೇಲಾಗಿ ಒಳಗಿನ ಕೆಪಾಸಿಟರ್‌ಗಳಿಗೆ ವಯಸ್ಸಾಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಅವುಗಳ ಆಯಸ್ಸು ಅರ್ಧವಾಗುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ.

1200 ವ್ಯಾಟ್ ಬೇಡ. 3080ಗೆ ಎನ್‌ವಿಡಿಯಾ ಹೇಳಿದ್ದೇ 750 ವ್ಯಾಟ್. ಎಟಿಎಕ್ಸ್ 3.0 ಅಥವಾ ಆಮೇಲಿನ ನಿಯಮದ 750 ಇಲ್ಲವೇ 850 ತಗೊಂಡರೆ ಬೇಕಾದಷ್ಟಾಯಿತು. ಆದರೆ ಕೊಳ್ಳುವ ಮುಂಚೆ ಯಾರದಾದರೂ ಒಂದನ್ನು ತಂದು ಹಾಕಿ ನೋಡಿ. ಅನುಮಾನ ಎಷ್ಟೇ ಗಟ್ಟಿ ಇರಲಿ, ಪಾರ್ಟ್ ಬದಲಿಸಿ ನೋಡಿದ್ದೇ ಪುರಾವೆ.

ವಾಸ್ಕೋ ಕಾರವಾರ:

ಅಕ್ಕಾ, ನನ್ನದೂ ಸ್ವಲ್ಪ ನೋಡಿ. ಗೋವಾದ ವಾಸ್ಕೋದಲ್ಲಿದ್ದೇನೆ, ಸಮುದ್ರ ಹತ್ತಿರ. ನನ್ನ ಪಿಸಿ ಆಫ್ ಆಗುವುದಿಲ್ಲ, ಒಮ್ಮೆಲೇ ರೀಸ್ಟಾರ್ಟ್ ಆಗುತ್ತದೆ. ಆಟದಲ್ಲೂ ಆಗುತ್ತದೆ, ಸುಮ್ನೆ ಬ್ರೌಸರ್ ತೆರೆದಿಟ್ಟಾಗಲೂ ಆಗಿದೆ. ಮಳೆಗಾಲ ಶುರುವಾದ ಮೇಲೆ ಜಾಸ್ತಿ ಅನ್ನಿಸುತ್ತಿದೆ. ಕ್ಯಾಬಿನೆಟ್ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿವೆ. ನನ್ನ ಎಸ್‌ಎಂಪಿಎಸ್ಸೂ ಬದಲಿಸಬೇಕಾ? ಪ್ರೊಸೆಸರ್ ರೈಜೆನ್ 7 5800ಎಕ್ಸ್.

ಕೊಥ್ರುಡ್ ಅಕ್ಕ:

ನಿಮ್ಮದು ಬೇರೆ ಕಾಯಿಲೆ ಇರುವ ಹಾಗಿದೆ. ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ 18 ಇದೆಯಾ? ಬಯೋಸ್‌ನಲ್ಲಿ ಕರ್ವ್ ಆಪ್ಟಿಮೈಸರ್ (ಕೋರಿನ ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಸೆಟಿಂಗ್) ಏನಾದರೂ ಮುಟ್ಟಿದ್ದೀರಾ?

ವಾಸ್ಕೋ ಕಾರವಾರ:

ಇದೆ, 18 ಸಾಲುಸಾಲಾಗಿ ಇದೆ. ಪ್ರೊಸೆಸರ್ ಕೋರ್ ಅಂತ ಬರೆದಿದೆ. ಬಿಸಿ ಕಡಿಮೆಯಾಗಲಿ ಅಂತ ಬೇಸಿಗೆಯಲ್ಲಿ ಎಲ್ಲ ಕೋರಿಗೂ ಮೈನಸ್ 30 ಹಾಕಿದ್ದೆ.

ಕೊಥ್ರುಡ್ ಅಕ್ಕ:

ಮೊದಲು ಅದನ್ನು ಸೊನ್ನೆಗೆ ತನ್ನಿ. ಕೋರಿಗೆ ಸಿಗುವ ವೋಲ್ಟೇಜ್ ಸಾಲದೆ ಪ್ರೊಸೆಸರ್ ಲೆಕ್ಕ ತಪ್ಪುತ್ತಿದೆ, ಅದನ್ನು ಗಮನಿಸಿ ಪಿಸಿ ರೀಸ್ಟಾರ್ಟ್ ಆಗುತ್ತಿದೆ. ಲೋಡ್ ಕಡಿಮೆ ಇದ್ದಾಗ ಕೋರ್ ತುಂಬಾ ಮೇಲಿನ ವೇಗಕ್ಕೆ ಹಾರುತ್ತದೆ, ಅದಕ್ಕೇ ಬ್ರೌಸರಿನಲ್ಲೂ ಆಗುವುದು. ಒಂದೊಂದು ಕೋರ್ ಒಂದೊಂದು ಥರ, ಎಲ್ಲವೂ ಮೈನಸ್ 30 ತಡೆಯುವುದಿಲ್ಲ. ಸೊನ್ನೆಯಲ್ಲೂ ಆಗುತ್ತಿದ್ದರೆ ಬಯೋಸ್ ಅಪ್‌ಡೇಟ್ ಮಾಡಿ, ರ್‍ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟಿಂಗ್ ತೆಗೆದು ನೋಡಿ. ಎಸ್‌ಎಂಪಿಎಸ್ ಕಡೆ ಈಗಲೇ ಹೋಗಬೇಡಿ.

ತುಕ್ಕಿನ ಮಾತು ಬೇರೆ, ಅದನ್ನೂ ಅಲಕ್ಷ್ಯ ಮಾಡಬೇಡಿ. ಉಪ್ಪು ಗಾಳಿ ಸ್ಕ್ರೂ ಒಂದನ್ನೇ ತಿನ್ನುವುದಿಲ್ಲ. ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಆಫ್ ಮಾಡಿ ಕಿಟಕಿ ಪಕ್ಕ ಇಡಬೇಡಿ. ದಿನಾ ಸ್ವಲ್ಪ ಹೊತ್ತು ಓಡಿದರೆ ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ರ್‍ಯಾಮ್ ಮತ್ತು ಕಾರ್ಡ್ ಒಮ್ಮೆ ಬಿಚ್ಚಿ, ಚಿನ್ನದ ಬಣ್ಣದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ.

ವಾಸ್ಕೋ ಕಾರವಾರ:

ಸೊನ್ನೆ ಮಾಡಿದ ಮೇಲೆ ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ. ಕಾರ್ಡಿನ ಪಟ್ಟಿ ಒರೆಸಿದರೆ ಬಟ್ಟೆಯಲ್ಲಿ ಹಸಿರು ಕಲೆ ಬಂತು. ಥ್ಯಾಂಕ್ಸ್ ಅಕ್ಕಾ.

ಮಾಟುಂಗಾ ಮಾವ:

ವಾಕಡ್ ತಮ್ಮ, ಬೇರೆ ಎಸ್‌ಎಂಪಿಎಸ್ ತಂದು ಹಾಕುವಾಗ ಒಂದು ಮಾತು, ದಯವಿಟ್ಟು ಮರೆಯಬೇಡಿ. ಬಿಚ್ಚಿ ಹಾಕುವ ಕೇಬಲ್ಲಿನ ಎಸ್‌ಎಂಪಿಎಸ್ ಆದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಹಾಕಬೇಕು. ಹಳೆ ಕೇಬಲ್ ಕ್ಯಾಬಿನೆಟ್ಟಿನಲ್ಲಿ ಚೆನ್ನಾಗಿ ಕಟ್ಟಿದೆ, ಇರಲಿ ಬಿಡು ಅಂತ ಹೊಸ ಎಸ್‌ಎಂಪಿಎಸ್‌ಗೆ ಅದನ್ನೇ ಸಿಕ್ಕಿಸಿದವರನ್ನು ನೋಡಿದ್ದೇನೆ. ಬೋರ್ಡಿನ ಕಡೆಯ ತಲೆಗೆ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯ ತಲೆಗೆ ಇಲ್ಲ. ಕಂಪನಿಗೊಂದು ಥರ, ಕೆಲವೊಮ್ಮೆ ಒಂದೇ ಕಂಪನಿಯ ಮಾಡೆಲ್‌ಗೊಂದು ಥರ. ಪ್ಲಗ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಇರಬೇಕಾದ ತಂತಿಯಲ್ಲಿ 12 ವೋಲ್ಟ್ ಬರುತ್ತದೆ. ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಸುಟ್ಟು ಹೋದವು ಅಂತ ಅಳುತ್ತಾ ಬಂದವರಿಗೆ ನಾವು ಏನೂ ಮಾಡಲಾಗುತ್ತಿರಲಿಲ್ಲ. ಮಕ್ಕಳ ಫೋಟೋ ಎಲ್ಲ ಅದರಲ್ಲೇ ಇರುತ್ತಿತ್ತು.

ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗಿಂತ ಮೇಲೆ ಉಳಿದಿರಬಹುದು.

ವಾಕಡ್ ಹುಬ್ಬಳ್ಳಿಗ:

ಪಿಂಪ್ರಿಯ ಗೆಳೆಯನ 850 ವ್ಯಾಟ್ ತಂದೆ, ಎಟಿಎಕ್ಸ್ 3.0. ಅದರದೇ ಕೇಬಲ್, ಕಾರ್ಡಿಗೆ ಎರಡು ಬೇರೆ ಬೇರೆ. ಪವರ್ ಲಿಮಿಟ್ 100, ಫ್ರೇಮ್ ಕಟ್ಟಿಲ್ಲ, ಬೇಕಂತಲೇ ಎಲ್ಲ ಬಿಟ್ಟು ನೋಡಿದೆ. ಮೆನುವಿನಲ್ಲಿ ಕೂರಿಸಿಟ್ಟೆ, ಆಟಕ್ಕೆ ಹೋದೆ, ಮತ್ತೆ ಮೆನುಗೆ ಬಂದೆ. ಓಸಿಸಿಟಿಯ ಏರಿಳಿತದ ಪರೀಕ್ಷೆಯನ್ನೂ ಓಡಿಸಿದೆ. ಒಂದು ವಾರವಾಯಿತು, ಟಕ್ ಅನ್ನುವ ಸದ್ದೇ ಕೇಳಿಲ್ಲ. ಹಳೆಯದು ಹಾಕಿದರೆ ಅದೇ ಸಂಜೆ ಮತ್ತೆ ಆಫ್. ಮತ್ತೆ ಗೆಳೆಯನದು ಹಾಕಿದರೆ ಸರಿ.

ಇವತ್ತು ಪುಣೆಯ ಎಲೆಕ್ಟ್ರಾನಿಕ್ಸ್ ಬಜಾರು ತಾಪ್ಕೀರ್ ಗಲ್ಲಿಗೆ ಹೋಗಿ ಹೊಸ 850 ತಂದೆ. ಚೀಟಿ ಓದಿ, 12 ವೋಲ್ಟ್ ಸಾಲು ನೋಡಿ, ಆಮೇಲೇ ದುಡ್ಡು ಕೊಟ್ಟೆ. ಮದರ್‌ಬೋರ್ಡ್ ಹಳೆಯದೇ, ಮುಟ್ಟಿಲ್ಲ. ಅಕ್ಕ, ಮಾವ, ನಿಮ್ಮಿಬ್ಬರಿಗೂ ಎಷ್ಟು ಹೇಳಿದರೂ ಕಡಿಮೆ. ಅಂಗಡಿಯವರ ಮಾತು ಕೇಳಿ ಬೋರ್ಡ್ ಹಾಕಿಸಿದ್ದರೆ ದುಡ್ಡೂ ಹೋಗುತ್ತಿತ್ತು, ಕಾಟವೂ ಉಳಿಯುತ್ತಿತ್ತು.

ಒಂದೇ ಪ್ರಶ್ನೆ ಉಳಿದಿದೆ. ಹಳೆಯ 650 ಏನು ಮಾಡಲಿ? ಧಾರವಾಡದಲ್ಲಿ ಅತ್ತಿಗೆಯ ತಮ್ಮ ಹೊಸದಾಗಿ ಪಿಸಿ ಕಟ್ಟುತ್ತಿದ್ದಾನೆ, ನನ್ನ 1660 ಸೂಪರ್ ಅವನಿಗೇ ಕೊಡುವವನಿದ್ದೇನೆ. ಇದನ್ನೂ ಕೊಟ್ಟರೆ ತಪ್ಪಾಗುತ್ತದಾ?

ಕೊಥ್ರುಡ್ ಅಕ್ಕ:

ತಪ್ಪೇನಿಲ್ಲ, ಕೊಡಿ. 1660 ಸೂಪರ್ 125 ವ್ಯಾಟ್‌ನ ಕಾರ್ಡ್, ನಿಮ್ಮಲ್ಲಿ ಅದರ ಜೊತೆ ವರ್ಷಗಟ್ಟಲೆ ತೊಂದರೆ ಕೊಡದೆ ಓಡಿದೆ. ಆದರೆ 2019ರ ಹಳೆ ಮಾಲು ಅಂತ ಅವನಿಗೆ ಹೇಳಿಯೇ ಕೊಡಿ, ವಾರಂಟಿ ಕಾಗದ ಇದ್ದರೆ ಜೊತೆಗೆ ಕಳಿಸಿ. ಮುಂದೆ ದೊಡ್ಡ ಕಾರ್ಡ್ ಹಾಕುವುದಾದರೆ ಇದನ್ನು ಮೊದಲು ಬದಲಿಸಬೇಕು ಅಂತಲೂ ಹೇಳಿ. ನಿಮ್ಮ 3080ಗೆ ಪುರುಸೊತ್ತಾದಾಗ ಅಂಡರ್‌ವೋಲ್ಟ್ ಮಾಡಿಕೊಳ್ಳಿ (ಚಿಪ್ಪಿಗೆ ಹೋಗುವ ವೋಲ್ಟೇಜ್ ತಗ್ಗಿಸುವುದು), ಫ್ರೇಮ್ ಹೆಚ್ಚೇನೂ ಕಳೆದುಕೊಳ್ಳದೆ ಎಷ್ಟೋ ವ್ಯಾಟ್ ಇಳಿಯುತ್ತದೆ. ಪುಣೆಯ ಏಪ್ರಿಲ್ ಮೇ ಸೆಕೆಯಲ್ಲಿ ಆ ಕೋಣೆಯಲ್ಲಿ ಕೂತು ಆಡುವವರು ನೀವೇ ಅಲ್ವಾ.

ಮಾಟುಂಗಾ ಮಾವ:

ಧಾರವಾಡಕ್ಕೆ ಕಳಿಸುವಾಗ ಆ ಎಸ್‌ಎಂಪಿಎಸ್‌ನ ಕೇಬಲ್ ಎಲ್ಲವನ್ನೂ ಅದರ ಡಬ್ಬದಲ್ಲೇ ಹಾಕಿ ಕಳಿಸಿ. ನಿಮ್ಮ ಹೊಸದರ ಕೇಬಲ್ ಒಂದೂ ಅದರಲ್ಲಿ ಸೇರದ ಹಾಗೆ ನೋಡಿಕೊಳ್ಳಿ, ಒಂದಕ್ಕೊಂದು ಟೇಪ್ ಸುತ್ತಿ ಮಾಡೆಲ್ ಹೆಸರು ಬರೆದಿಡಿ.